ಆರ್ವಿಡ್ ಭಾವ ಇಳಿಸಿದ ಭಾರ

ನಮ್ಮ ಲೋನ್ ಲಾರ್ಚ್ ಊರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಲಾರಿ ತೂಗುವ ವೇಬ್ರಿಡ್ಜ್ ಒಂದಿದೆ. ಮೊಂಟಾನಾದ ಈ ಮೂಲೆಯ ಕಾಡುಗಳಿಂದ ದಿಮ್ಮಿ ಹೊತ್ತು ಇಳಿಯುವ ಲಾರಿಗಳೆಲ್ಲ ಅದರ ಮೇಲೆ ಹತ್ತಿಯೇ ಮುಂದೆ ಹೋಗಬೇಕು. ಅಲ್ಲಿನ ಗಾಜಿನ ಗೂಡಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವವರು ಆರ್ವಿಡ್ ಸ್ಕೋಗೆನ್, ನನ್ನ ಅಕ್ಕ ಲೋರ್ನಾಳ ಗಂಡ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಅವರಿಗೆ ಬಹುವಚನ ಹಚ್ಚುತ್ತಿದ್ದೇನೆ. ಬೇರೆ ಕಾರಣ ಹುಡುಕಬೇಡಿ.

ಲಾರಿ ಮಿತಿಗಿಂತ ನಲವತ್ತು ಪೌಂಡು ಹೆಚ್ಚಿದ್ದರೂ ಭಾವ ದಂಡದ ಚೀಟಿ ಹರಿಯುತ್ತಾರೆ. ನಲವತ್ತು ಪೌಂಡೆಂದರೆ ಡ್ರೈವರನ ನಾಯಿಯ ತೂಕ. "ನಾನೇನೂ ಹೇಳ್ತಿಲ್ಲಪ್ಪ, ಮಿಷನ್ನು ಹೇಳ್ತಿದೆ" ಎನ್ನುವುದು ಅವರ ಮಾತು. ಹಾರ್ಲನ್ ಟೆರ್ವೊ ಎಂಬ ಡ್ರೈವರ್ ಒಮ್ಮೆ ನಿಜಕ್ಕೂ ನಾಯಿಯನ್ನು ಕೆಳಗಿಳಿಸಿ ಮತ್ತೆ ತೂಗಿಸಿದ. ತೂಕ ಸರಿಹೋಯಿತು. ಭಾವ ಆ ಚೀಟಿಯನ್ನು ಹರಿದು ಬಿಸಾಡಿ, ಹೆದ್ದಾರಿಯಲ್ಲಿ ನಾಯಿ ಬಿಟ್ಟದ್ದಕ್ಕೆ ಬೇರೆ ಚೀಟಿ ಬರೆದರು.

ಇಂಥವರಿಗೆ ಮೂರು ವರ್ಷದ ಕೆಳಗೆ ಬಿಳಿ ಮೇಕೆ ಹೊಡೆಯುವ ಪರವಾನಗಿಯ ಟ್ಯಾಗ್ ಬಂತು.

ಬೆಟ್ಟದ ತುದಿಯ ಬಿಳಿ ಮೇಕೆಯನ್ನು ಮನಸ್ಸು ಬಂದಾಗ ಹೊಡೆಯುವಂತಿಲ್ಲ. ಪ್ರತಿ ವಸಂತಕ್ಕೆ ಅರ್ಜಿ ಹಾಕಬೇಕು, ಸಾವಿರಾರು ಅರ್ಜಿಗಳಲ್ಲಿ ಬೆರಳೆಣಿಕೆಯಷ್ಟನ್ನು ಚೀಟಿ ಎತ್ತಿ ಆರಿಸುತ್ತಾರೆ. ಭಾವ ಇಪ್ಪತ್ತೊಂದು ವರ್ಷ ಹಾಕಿದ್ದರು. ನಮ್ಮೂರ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವನು ನಾನೇ ಆದ್ದರಿಂದ ಇಪ್ಪತ್ತು ವಿಷಾದದ ಪತ್ರಗಳನ್ನು ನನ್ನ ಕೈಯಾರೆ ಕೊಟ್ಟಿದ್ದೇನೆ. ಸುಳ್ಳೇಕೆ, ಕೆಲವನ್ನು ಖುಷಿಯಿಂದಲೇ ಕೊಟ್ಟೆ. ಇಪ್ಪತ್ತೊಂದನೆಯ ಲಕೋಟೆ ದಪ್ಪಗಿತ್ತು.

ಒಳಗಿದ್ದ ಟ್ಯಾಗೆಂದರೆ ಅಂಗೈ ಅಗಲದ ಹಳದಿ ಕಾಗದ. ನಡುವೆ ಭಾವನ ಹೆಸರು, ಸುತ್ತಲಿನ ಅಂಚಿಗೆ ಸಾಲಾಗಿ ಹನ್ನೆರಡು ತಿಂಗಳು, ಮೂವತ್ತೊಂದು ತಾರೀಖು. ಮೇಕೆ ಬಿದ್ದ ಕೂಡಲೇ ಆ ದಿನದ ತಿಂಗಳನ್ನೂ ತಾರೀಖನ್ನೂ ಚಾಕುವಿನಿಂದ ಕತ್ತರಿಸಿ ತೆಗೆದು ಟ್ಯಾಗನ್ನು ಮೇಕೆಗೆ ಕಟ್ಟಬೇಕು. ಕತ್ತರಿ ಬಿತ್ತೆಂದರೆ ಟ್ಯಾಗ್ ಬಳಸಿ ಮುಗಿಯಿತೆಂದು ಲೆಕ್ಕ. ಒಬ್ಬನಿಗೆ ಒಂದೇ ಟ್ಯಾಗು, ಒಂದೇ ಮೇಕೆ, ಒಂದೇ ಹಂಗಾಮು. ತಪ್ಪಿದರೆ ಮತ್ತೆ ಮೊದಲಿಂದ ಅರ್ಜಿ. ಭಾವನಿಗೆ ಆಗ ಐವತ್ತೆಂಟು. ಇನ್ನೊಂದು ಇಪ್ಪತ್ತೊಂದು ವರ್ಷ ಕಾಯುವ ಮಂಡಿ ಅವರಿಗಿರಲಿಲ್ಲ. ಆ ಸಂಜೆಯೇ ಅವರು ಬೆಂಕಿಗೂಡಿನ ಮೇಲಿನ ಗೋಡೆಗೆ ದಪ್ಪ ಮೊಳೆಯೊಂದನ್ನು ಹೊಡೆದು, ಮೇಕೆಯ ತಲೆ ಅಲ್ಲಿ ಕೂರುತ್ತದೆ ಎಂದು ಮನೆಯವರಿಗೆಲ್ಲ ತೋರಿಸಿದರು.

ಬೇಟೆ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಮೇಕೆ ಇರುವುದು ಹ್ಯಾಚೆಟ್ ಶಿಖರದಲ್ಲಿ. ಲಾರಿ ದಾರಿ ಮುಗಿದ ಮೇಲೆ ಎರಡು ದಿನ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಏರಬೇಕು. "ಹೊರೋದನ್ನೆಲ್ಲ ತೂಗ್ಬೇಕು ವೆಂಡೆಲ್" ಎಂದರು ಭಾವ. ಆ ಮಾತು ಹೇಳುವಾಗ ಅವರ ಕಣ್ಣಿನಲ್ಲಿ ಬಂದ ಹೊಳಪನ್ನು ನೋಡಿ ನಾನು ಅಂದೇ ಎಚ್ಚರಗೊಳ್ಳಬೇಕಿತ್ತು.

ಮೊದಲ ಬಲಿ ನಮ್ಮಪ್ಪನ ರೈಫಲು. ಅಪ್ಪ ಸಾಯುವಾಗ ಅದನ್ನು ಮಗನಾದ ನನಗೆ ಕೊಡದೆ ಅಳಿಯನಿಗೆ ಕೊಟ್ಟಿದ್ದರು. ಹದಿನಾಲ್ಕು ವರ್ಷ ನಾನು ಅದನ್ನು ನೆನೆದು ಹಲ್ಲು ಕಡಿದಿದ್ದೆ. ವಾಲ್‌ನಟ್ ಮರದ ಹಿಡಿ, ಉಕ್ಕಿನ ನಳಿಕೆ, ಒಂಬತ್ತೂವರೆ ಪೌಂಡು. ಭಾವ ಅದನ್ನು ತಂದು ನನ್ನ ಕೌಂಟರಿನ ಮೇಲೆ ದಡ್ ಎಂದು ಇಟ್ಟರು.

"ತಗೋ, ನೀನೇ ಇಟ್ಕೋ. ಇದು ರೈಫಲಲ್ಲ, ರೈಲು ಹಳಿ."

"ಅಪ್ಪ ಇದರಲ್ಲೇ ಹತ್ತೊಂಬತ್ತು ಎಲ್ಕ್ ಕಡವೆ ಹೊಡೆದಿದ್ರು ಭಾವ."

"ಹೊಡೆದಿರಬಹುದು. ತೂಗಿದ್ರಾ?"

ಹೊಸದು ಬಂತು. ಕಾರ್ಬನ್ ನಾರಿನ ನಳಿಕೆ, ಟೈಟೇನಿಯಂ ಮೈ, ಸರಿಯಾಗಿ ಐದು ಪೌಂಡು. ಒಂದೇ ಏಟಿಗೆ ನಾಲ್ಕೂವರೆ ಪೌಂಡು ಇಳಿದದ್ದು ಭಾವನಿಗೆ ರುಚಿ ಹತ್ತಿಸಿತು. ಬೇಸಿಗೆಯಿಡೀ ಪ್ರತಿ ಬೆಳಗ್ಗೆ ಚೀಲ ಹೊತ್ತು ಅಂಚೆ ಕಚೇರಿಗೆ ಬಂದು ನನ್ನ ತಕ್ಕಡಿಯನ್ನು ಹಿಡಿದುಬಿಡುತ್ತಿದ್ದರು. ಹಿಂದೆ ಪಾರ್ಸಲ್ ಹಿಡಿದ ಜನ ಬಾಗಿಲಿನಾಚೆಯವರೆಗೆ ನಿಂತಿರುತ್ತಿದ್ದರು. ಮೊದಲು ಔನ್ಸಿನಲ್ಲಿ ತೂಗಿದರು. ಔನ್ಸು ಒರಟಾಯಿತೆಂದು ಗ್ರಾಮಿಗೆ ಇಳಿದರು. ನಮ್ಮೂರಲ್ಲಿ ಗ್ರಾಮಿನ ಲೆಕ್ಕದಲ್ಲಿ ಮಾತಾಡುವವರು ಎರಡೇ ಬಗೆ, ಗಡಿಯಾಚೆಯ ಕೆನಡಾದವರು ಮತ್ತು ಪೊಲೀಸರು ಹುಡುಕುತ್ತಿರುವವರು.

"ನೋಡು ವೆಂಡೆಲ್, ಎಡಗಾಲಿನ ಕಾಲುಚೀಲ ಎರಡು ಗ್ರಾಂ ಜಾಸ್ತಿ ಇದೆ."

"ಒಗೆದ್ರೆ ಸರಿಹೋಗುತ್ತೆ ಭಾವ."

ಚಮಚದ ಹಿಡಿ ಕತ್ತರಿಸಿದರು. ಅಂದಿನಿಂದ ಸೂಪು ಕುಡಿಯುವಾಗ ಬೆರಳೂ ಅದರಲ್ಲೇ ಅದ್ದುತ್ತಿತ್ತು. ಬೂಟಿನ ಒಳಗಿನ ಮೆತ್ತೆ ಕಿತ್ತು ಬಿಸಾಡಿದರು. ಅಂಗಿಯ ಗುಂಡಿ ಒಂದು ಬಿಟ್ಟು ಒಂದು ಕಿತ್ತರು. ನಕ್ಷೆಯ ಸುತ್ತಲಿನ ಬಿಳಿ ಅಂಚನ್ನು ಉಗುರು ಕತ್ತರಿಯಲ್ಲಿ ಕತ್ತರಿಸಿದರು. ಯಾಕೆಂದು ಕೇಳಿದರೆ "ಅಂಚಿನಲ್ಲಿ ಯಾವ ಬೆಟ್ಟ ಇದೆ?" ಎಂದು ನನ್ನನ್ನೇ ಕೇಳಿದರು. ಒಂದು ದಿನ ಕಾಗದದ ಪೊಟ್ಟಣವೊಂದನ್ನು ತಕ್ಕಡಿಯ ಮೇಲಿಟ್ಟು ನಲವತ್ತೊಂದು ಗ್ರಾಂ ಎಂದು ಬರೆದುಕೊಂಡರು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಗಡ್ಡ. ಇಪ್ಪತ್ತೆರಡು ವರ್ಷ ಸಾಕಿದ್ದ ಗಡ್ಡ! ಮರುದಿನ ತಲೆಯನ್ನೂ ನುಣ್ಣಗೆ ಬೋಳಿಸಿಕೊಂಡು ಬಂದರು.

ಆಮೇಲೆ ಮೈಯ ಸರದಿ. ಬೆಳಗ್ಗೆ ಎಲೆಕೋಸು, ರಾತ್ರಿ ಎಲೆಕೋಸಿನ ನೀರು. ಮುಂಜಾನೆ ಬೆನ್ನಿಗೆ ಕಲ್ಲು ಕಟ್ಟಿಕೊಂಡು ಸ್ಮಶಾನದ ದಿಣ್ಣೆ ಹತ್ತಿ ಓಡುವುದು. ದಿಣ್ಣೆ ಊರಿಗೆ ಅದೊಂದೇ, ಪಾಪ ಅವರೇನು ಮಾಡಿಯಾರು? ಆಗಸ್ಟಿನ ಹೊತ್ತಿಗೆ ಕೆನ್ನೆ ಒಳಗೆ ಹೋಗಿ, ಪ್ಯಾಂಟು ಹಗ್ಗದ ಮೇಲೆ ನಿಂತಿತ್ತು. ಬೆಲ್ಟಿನ ಬಕಲ್ಲು ಅರವತ್ತು ಗ್ರಾಮಾದ್ದರಿಂದ ಅದು ಮನೆಯಲ್ಲೇ ಉಳಿದಿತ್ತು.

ಇಷ್ಟಾದ ಮೇಲೆ ಹೊಸ ರೈಫಲಿನ ಗುರಿ ಹೊಂದಿಸಲು ಹೋದರು. ಒಂಬತ್ತೂವರೆ ಪೌಂಡಿನ ರೈಫಲು ಹಾರಿಸುವ ಗುಂಡನ್ನೇ ಐದು ಪೌಂಡಿನದೂ ಹಾರಿಸಿದರೆ ಮಿಕ್ಕ ಒದೆತ ಎಲ್ಲಿಗೆ ಹೋಗಬೇಕು? ಭಾವನ ಹೆಗಲಿಗೂ ಹುಬ್ಬಿಗೂ ಹೋಯಿತು. ರೈಫಲಿನ ಮೇಲೆ ಕೂರಿಸಿದ್ದ ದುರ್ಬೀನಿನ ಅಂಚು ಬಡಿದು ಹುಬ್ಬಿನ ಮೇಲೆ ಅರ್ಧಚಂದ್ರ ಮೂಡಿತು, ಕಣ್ಣು ಊದಿ ಮುಚ್ಚಿಕೊಂಡಿತು. ಹೆಗಲಿನಿಂದ ಕತ್ತಿನವರೆಗೆ ಬದನೆಕಾಯಿಯ ಬಣ್ಣ ಹರಡಿತು.

ಮರುದಿನ ಓಪಲ್ ಡಗನ್ ಅಂಚೆಚೀಟಿ ಕೊಳ್ಳಲು ಬಂದಳು. ಓಪಲ್ ಅಕ್ಕನ ಪಕ್ಕದ ಮನೆಯಾಕೆ, ಲೂಥರನ್ ಚರ್ಚಿನ ಅಡುಗೆಮನೆಯ ಯಜಮಾನಿ. ಎಪ್ಪತ್ತಮೂರು ವರ್ಷದ ಆಕೆಗೆ ಊರಿನ ಎಲ್ಲರ ರಕ್ತದೊತ್ತಡವೂ ಬಾಯಿಪಾಠ. ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದಳು.

"ವೆಂಡೆಲ್, ನಿನ್ನ ಭಾವನ್ನ ನೋಡ್ದೆ. ಕೂದಲೆಲ್ಲ ಹೋಗಿದೆ."

"ಹೌದು, ಹೋಗಿದೆ."

"ಮೈಮೇಲೆ ಆ ನೀಲಿ ಕಲೆ... ನನ್ನ ತಂಗಿ ಗಂಡಂಗೂ ಕೊನೇಲಿ ಹಾಗೇ ಆಗಿತ್ತು. ನೀನೇನೂ ಹೇಳ್ಬೇಡ. ನಾನೂ ಕೇಳಲ್ಲ."

ನಮ್ಮೂರಲ್ಲಿ ಕಾಯಿಲೆಯ ಹೆಸರೆತ್ತುವುದು ಒರಟುತನ, ಆಲೂಗಡ್ಡೆ ತಂದುಕೊಡುವುದು ಸಭ್ಯತೆ. ಆಕೆ ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋಗಿ ಅವಳ ಕೈ ಹಿಡಿದುಕೊಂಡು "ಧೈರ್ಯ ತಗೋ ಲೋರ್ನಾ" ಎಂದಳು. ಮೂರು ತಿಂಗಳಿಂದ ಎಲೆಕೋಸಿನ ವಾಸನೆಯಲ್ಲಿ ಬದುಕುತ್ತಿದ್ದ ಅಕ್ಕ ನಿಟ್ಟುಸಿರು ಬಿಟ್ಟಳು.

"ಏನ್ಮಾಡೋದು ಓಪಲ್. ಸೆಪ್ಟೆಂಬರ್‌ವರೆಗೆ ಹೇಗೋ ತಡ್ಕೋಬೇಕು. ಆಮೇಲೆ ನನಗೂ ನೆಮ್ಮದಿ."

ಅಂದು ಸಂಜೆ ಮೊದಲ ಹಾಟ್‌ಡಿಶ್ ಬಂತು. ಗಾಜಿನ ಟ್ರೇಯ ತಳದಲ್ಲಿ ಕೊಚ್ಚಿದ ಮಾಂಸ, ಅದರ ಮೇಲೆ ಅಣಬೆಯ ಗಂಜಿ, ಅದರ ಮೇಲೆ ಚೀಸು, ಎಲ್ಲದರ ಮೇಲೆ ಕರಿದ ಆಲೂಗಡ್ಡೆ ಉಂಡೆಗಳ ಸಾಲು. ಟ್ರೇಯ ಅಡಿಯಲ್ಲಿ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತದೆ. ದುಃಖ ಎಷ್ಟೇ ಇದ್ದರೂ ಟ್ರೇ ವಾಪಸು ಬರಬೇಕು. ಒಂದು ವಾರದಲ್ಲಿ ಅಕ್ಕನ ಮನೆಯಲ್ಲಿ ಹದಿನೇಳು ಟ್ರೇ ಸೇರಿದವು. ಭಾವ ಅದರ ವಾಸನೆಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ, ನಾನು ಮತ್ತು ಅಕ್ಕ ತಿಂದೆವು. ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಎಲ್ಲವೂ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ನನ್ನ ಬಾಯಿ ತುಂಬಿತ್ತು.

ಭಾವನಿಗೆ ಇದೆಲ್ಲ ಬೇರೆಯೇ ತರ ಅರ್ಥವಾಯಿತು.

"ನೋಡಿದ್ಯಾ ವೆಂಡೆಲ್? ಒಂದು ಟ್ಯಾಗ್‌ಗೆ ಎಷ್ಟು ಮರ್ಯಾದೆ! ಬ್ಯಾಂಕಿನವನು ಎದ್ದು ನಿಂತು ಕೈ ಕೊಟ್ಟ. ಹಜಾಮ ಕಣ್ಣಲ್ಲಿ ನೀರು ತಂದ್ಕೊಂಡ."

"ಹೌದಾ ಭಾವ?"

"ಮೇಕೆ ಟ್ಯಾಗ್ ಅಂದ್ರೆ ಸುಮ್ನೇನಾ? ಊರಿಗೇ ಹೆಮ್ಮೆ ಕಣೋ."

ಮುಂದಿನ ಮಂಗಳವಾರ ನಾನು ಅಕ್ಕ ಕಟ್ಟಿಕೊಟ್ಟ ಊಟ ಹಿಡಿದು ವೇಬ್ರಿಡ್ಜಿಗೆ ಹೋಗಿದ್ದೆ. ಹಾರ್ಲನ್ ಟೆರ್ವೊನ ಲಾರಿ ತಕ್ಕಡಿಯ ಮೇಲೆ ನಿಂತಿತ್ತು. ಆರಡಿ ನಾಲ್ಕಂಗುಲದ ಹಾರ್ಲನ್ ಟೋಪಿಯನ್ನು ಎದೆಗೆ ಒತ್ತಿ ಹಿಡಿದು ಗೂಡಿನ ಮುಂದೆ ನಿಂತಿದ್ದ.

"ಆರ್ವಿಡ್, ಒಂದು ಮಾತು ಹೇಳಿ ಮನಸ್ಸು ಹಗುರ ಮಾಡ್ಕೋಬೇಕು. ಹೋದ ಚಳಿಗಾಲದಲ್ಲಿ ನಿನ್ನ ಹೀಟರ್ ಒಳಗೆ ಮೀನು ಇಟ್ಟಿದ್ದು ನಾನೇ."

"ನೀನಾ? ಮೂರು ವಾರ ಮೂಗು ಮುಚ್ಕೊಂಡು ಕೂತಿದ್ದೆ ಕಣೋ ನಾನು!"

"ಕ್ಷಮಿಸಿಬಿಡು. ಇಂಥ ಹೊತ್ತಲ್ಲಿ ಹಳೇದೆಲ್ಲ ಇಟ್ಕೋಬಾರ್ದು."

ಭಾವ ದೊಡ್ಡ ಮನಸ್ಸಿನಿಂದ ಅವನ ಭುಜ ತಟ್ಟಿದರು. ಮತ್ತೆ ಮಿಷನ್ನಿನ ಕಡೆ ತಿರುಗಿ ನೋಡಿ, "ಎಂಬತ್ತು ಪೌಂಡು ಜಾಸ್ತಿ ಇದೆ. ನಾನೇನೂ ಹೇಳ್ತಿಲ್ಲಪ್ಪ" ಎನ್ನುತ್ತಾ ಚೀಟಿ ಹರಿದರು. ಹಾರ್ಲನ್ ಅದನ್ನು ಎರಡೂ ಕೈಯಲ್ಲಿ ಇಸಕೊಂಡು ಬಿಕ್ಕಿದ. "ಕೊನೇವರೆಗೂ ಡ್ಯೂಟಿ ಬಿಡ್ಲಿಲ್ಲ ನೋಡು" ಎಂದು ನನಗೆ ಹೇಳಿ ಲಾರಿ ಹತ್ತಿದ.

ಇದಕ್ಕೆಲ್ಲ ಕಳಶವಿಟ್ಟಂತಾದದ್ದು ಭಾನುವಾರ. ನಾವು ಹೊರಡುವ ಹಿಂದಿನ ದಿನ ಅದು. ಪಾಸ್ಟರ್ ಲುಂಡೀನ್ ಪ್ರಾರ್ಥನೆಯ ನಡುವೆ ಕನ್ನಡಕ ತೆಗೆದು, ನಮ್ಮ ಸಹೋದರ ಆರ್ವಿಡ್‌ನ ಮುಂದಿರುವ ದಾರಿ ಸುಲಭದ್ದಲ್ಲ, ಎಲ್ಲರೂ ಅವನಿಗಾಗಿ ಬೇಡಿಕೊಳ್ಳೋಣ ಎಂದರು. ಭಾವ ಎದ್ದು ನಿಂತೇಬಿಟ್ಟರು.

"ಎಂಟು ಸಾವಿರದ ನಾನೂರು ಅಡಿ ಮೇಲಕ್ಕೆ ಹೋಗ್ಬೇಕು ಪಾಸ್ಟರ್. ಹೆದರಿಕೆ ಏನಿಲ್ಲ. ಇದ್ದಬದ್ದ ಭಾರ ಎಲ್ಲಾ ಇಳಿಸ್ಕೊಂಡಿದೀನಿ."

ಚರ್ಚಿನಲ್ಲಿ ಒಣಗಿದ ಕಣ್ಣು ಎರಡೇ ಉಳಿದಿದ್ದವು, ಅವೂ ನನ್ನವು. ಅಕ್ಕ ತನ್ನ ಗಂಡನಿಗೆ ಊರು ಕೊಡುತ್ತಿದ್ದ ಗೌರವ ನೋಡಿ ಅಳುತ್ತಿದ್ದಳು.

ಸೋಮವಾರ ಬೆಟ್ಟ ಹತ್ತಲು ಶುರುಮಾಡಿದೆವು. ಭಾವನ ಚೀಲ ಹದಿನೆಂಟು ಪೌಂಡು ಆರು ಔನ್ಸು. ಬೇಟೆ ಮಾಡುವವರ ಚರಿತ್ರೆಯಲ್ಲೇ ಇಂಥದ್ದು ಆಗಿಲ್ಲವೆಂದು ಅವರು ದಾರಿಯುದ್ದಕ್ಕೂ ಹೇಳಿದರು. ಆದದ್ದು ಹೇಗೆಂದು ನನ್ನ ಬೆನ್ನಿಗೆ ಗೊತ್ತಿತ್ತು. ಟೆಂಟು, ಒಲೆ, ಪಾತ್ರೆ, ಹಗ್ಗ, ಅಡುಗೆ ಎಣ್ಣೆ, ಕರಡಿ ತೆರೆಯಲಾಗದ ಊಟದ ಡಬ್ಬಿ, ಎಲ್ಲವೂ ಒಂದೊಂದಾಗಿ ಅವರ ಪಟ್ಟಿಯಿಂದ ಬಿಟ್ಟುಹೋಗಿ ನನ್ನ ಚೀಲ ಸೇರಿದ್ದವು. ನನ್ನ ಚೀಲವನ್ನು ಯಾರೂ ತೂಗಿರಲಿಲ್ಲ. ಮೇಲೆ ಕರಡಿ ಭಯಕ್ಕೆಂದು ಅಪ್ಪನ ರೈಫಲು ಬೇರೆ.

ಮೊದಲ ಬಿಡಾರದಲ್ಲಿ ಭಾವ ಚೀಲದ ತಳದಿಂದ ಅಕ್ಕನ ಅಡುಗೆಮನೆಯ ತಕ್ಕಡಿಯನ್ನು ಹೊರತೆಗೆದರು. ರಾತ್ರಿ ನೀರಿಗೆ ಕಲಸಿ ತಿನ್ನುವ ಊಟದ ಪುಡಿ ತೂಗಬೇಕಂತೆ.

"ಇದೆಷ್ಟು ಭಾರ ಇದೆ ಭಾವ?"

ಅವರು ಗಲ್ಲ ಕೆರೆದುಕೊಂಡರು. ಅಭ್ಯಾಸಬಲ, ಕೆರೆಯಲು ಗಡ್ಡ ಇರಲಿಲ್ಲ.

"ಪಟ್ಟಿಯಲ್ಲಿಲ್ಲ. ಇದನ್ನ ಇದರ ಮೇಲೆ ಇಟ್ಟು ತೂಗೋದು ಹೇಗೆ?"

ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಮೇಕೆ ಸಿಕ್ಕಿತು. ಎದುರಿನ ಬಂಡೆಯ ಚಾಚಿನ ಮೇಲೆ, ಇನ್ನೂರು ಗಜದಾಚೆ, ಬಿಳಿ ಗಡ್ಡ ಬಿಟ್ಟುಕೊಂಡು ನಿಂತಿತ್ತು. ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದುದರಿಂದ ಅದಕ್ಕೆ ನಮ್ಮ ವಾಸನೆ ಸಿಕ್ಕಿರಲಿಲ್ಲ. ಭಾವ ಹೊಟ್ಟೆಯ ಮೇಲೆ ತೆವಳಿ, ರೈಫಲನ್ನು ಚೀಲದ ಮೇಲೆ ಇಟ್ಟರು. ಬಲಗೈ ಹಿಡಿಗೆ ಹೋಯಿತು. ಇಪ್ಪತ್ತೊಂದು ವರ್ಷ ಆ ಕೈಯಲ್ಲಿತ್ತು. ಹೊಟ್ಟೆಕಿಚ್ಚು ಎಷ್ಟಿದ್ದರೂ, ಸಿಗಲಿ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಹೇಸರಗತ್ತೆಯ ಗೊರಸಿನ ಸದ್ದು ಬಂತು.

ಬಂದವಳು ಬೇಟೆಯ ಕಾನೂನು ಕಾಯುವ ವಾರ್ಡನ್ ಡಾರ್ಲಾ ನೈಸ್ಟ್ರಾಂ, ನಮ್ಮ ಓಪಲ್‌ಳ ತಂಗಿಯ ಮಗಳು. ಹೇಸರಗತ್ತೆಯಿಂದ ಇಳಿದು, ಮೇಕೆಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು.

"ಆತುರ ಏನಿಲ್ಲ ಸ್ಕೋಗೆನ್ ಅವರೇ, ಅದು ಎಲ್ಲೂ ಹೋಗಲ್ಲ. ಒಂದ್ಸಲ ಟ್ಯಾಗ್ ತೋರಿಸಿಬಿಡಿ. ನಾನು ನನ್ನ ಪಾಡಿಗೆ ಹೋಗ್ತೀನಿ."

ಭಾವ ಹೆಮ್ಮೆಯಿಂದ ಎದೆಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದುಕೊಟ್ಟರು. ಡಾರ್ಲಾ ಕಾಗದ ಬಿಚ್ಚಿದಳು. ಹಿಂದೆ ತಿರುಗಿಸಿದಳು. ಮತ್ತೆ ಮುಂದೆ ತಿರುಗಿಸಿದಳು.

"ಇದರ ಅಂಚು ಎಲ್ಲಿ?"

ನಾನು ಬಗ್ಗಿ ನೋಡಿದೆ. ನಡುವೆ ಭಾವನ ಹೆಸರು ಮಾತ್ರ ಇತ್ತು. ನಾಲ್ಕೂ ಕಡೆ ತಿಂಗಳಿಲ್ಲ, ತಾರೀಖಿಲ್ಲ, ಎಲ್ಲಾ ನುಣ್ಣಗೆ ಕತ್ತರಿಸಿ ಹೋಗಿತ್ತು. ಕಾನೂನಿನ ಕಣ್ಣಿಗೆ ಭಾವ ವರ್ಷದ ಎಲ್ಲಾ ತಿಂಗಳೂ, ತಿಂಗಳಿನ ಎಲ್ಲಾ ದಿನವೂ ಒಂದೊಂದು ಮೇಕೆ ಹೊಡೆದು ಮುಗಿಸಿದ್ದರು.

ಡಾರ್ಲಾ ತಲೆಯೆತ್ತಿ ಅವರ ಬೋಳುತಲೆ ನೋಡಿದಳು, ಒಳಗೆ ಹೋದ ಕೆನ್ನೆ ನೋಡಿದಳು, ಕಾಲರಿನಿಂದ ಇಣುಕುತ್ತಿದ್ದ ಹಳದಿ ತಿರುಗಿದ ಕಲೆ ನೋಡಿದಳು. ಅವಳ ದನಿ ಮೆತ್ತಗಾಯಿತು.

"ನೋಡಿ, ಮೊದಲೇ ಕತ್ತರಿಸಿದ ಟ್ಯಾಗ್ ರದ್ದು. ಆದ್ರೆ ತಾನಾಗೇ ಹಾಳಾಗಿದ್ರೆ ಬೇರೆ ಮಾತು. ನಾನು ಹಿಂದೆ ಒಂದು ಸಾಲು ಬರೆದು ಸಹಿ ಹಾಕಿದ್ರೆ ಸಾಕು." ನನ್ನ ಕಡೆ ತಿರುಗಿದಳು. "ಈ ಬೆಟ್ಟದಲ್ಲಿ ಇಲಿ ಕಾಟ ಜಾಸ್ತಿ, ಅಲ್ವಾ?"

"ವಿಪರೀತ" ಎಂದೆ. "ನಿನ್ನೆ ರಾತ್ರಿ ನನ್ನ ಮೂಗನ್ನೇ ಮೂಸಿ ಹೋಯ್ತು."

"ಹಾಗಾದ್ರೆ ಇದನ್ನ ಇಲಿ ಕಡಿದಿದೆ. ಅಲ್ವಾ ಸ್ಕೋಗೆನ್ ಅವರೇ?"

ನಾನು ಭಾವನ ಬೂಟನ್ನು ಬಲವಾಗಿ ತುಳಿದೆ. ಅದರಲ್ಲಿ 'ಹೂಂ ಅನ್ನಿ' ಎಂಬ ಅರ್ಥವಿತ್ತು. ಬೂಟಿನಲ್ಲಿ ಮೆತ್ತೆ ಇಲ್ಲದ್ದರಿಂದ ಅವರಿಗೆ ನೋವು ಮಾತ್ರ ತಲುಪಿತು.

"ಯಾಕೋ ಕಾಲು ತುಳೀತೀಯಾ? ಇಲಿನಾ? ಇಷ್ಟು ನೆಟ್ಟಗೆ ಯಾವ ಇಲಿ ಕಡಿಯುತ್ತೆ? ಅಡಿಪಟ್ಟಿ ಇಟ್ಟು ಗೆರೆ ಎಳೆದು ಉಗುರು ಕತ್ತರೀಲಿ ನಾನೇ ಕತ್ತರಿಸಿದ್ದು. ಮೂರು ಪಾಯಿಂಟ್ ಒಂದು ಗ್ರಾಂ ಇತ್ತು, ಎರಡು ಪಾಯಿಂಟ್ ಮೂರಕ್ಕೆ ಇಳಿಸಿದೀನಿ. ಪಾಯಿಂಟ್ ಎಂಟು ಗ್ರಾಂ!"

ಡಾರ್ಲಾ ಕಣ್ಣು ಮುಚ್ಚಿ ತೆರೆದಳು.

"ನಿಮ್ಮ ವಿಷಯ ನನಗೆ ಗೊತ್ತು. ಓಪಲ್ ದೊಡ್ಡಮ್ಮ ಎಲ್ಲಾ ಹೇಳಿದಾರೆ. ಇದು ನಿಮ್ಮ ಕೊನೇ ಬೇಟೆ. ಅದಕ್ಕೇ ಇನ್ನೊಂದ್ಸಲ ಕೇಳ್ತೀನಿ. ಇಲಿ, ಅಲ್ವಾ?"

"ಕೊನೇದಾ? ಯಾಕೆ ಕೊನೇದು?"

"ನಿಮ್ಮ... ಆರೋಗ್ಯ."

"ನನ್ನ ಆರೋಗ್ಯಕ್ಕೆ ಏನಾಗಿದೆ?"

"ಭಾವ, ಸುಮ್ನಿರಿ" ಎಂದೆ ನಾನು.

"ಯಾಕೆ ಸುಮ್ನಿರ್ಲಿ? ಯಾರು ಹೇಳಿದ್ದು ನನಗೆ ಕಾಯಿಲೆ ಅಂತ? ನೋಡಮ್ಮ ಇಲ್ಲಿ!" ಎಂದವರೇ ಆ ಕಲ್ಲಿನ ಮೇಲೆ ಅಂಗೈ ಊರಿ ದಂಡ ಹೊಡೆಯತೊಡಗಿದರು. ಎಂಟು ಸಾವಿರದ ನಾನೂರು ಅಡಿಯ ತೆಳುಗಾಳಿಯಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಮೇಕೆಯ ಎದುರಿನಲ್ಲಿ ಇಪ್ಪತ್ತೆರಡು ದಂಡ! ಮೇಕೆ ಮೇಯುವುದನ್ನು ನಿಲ್ಲಿಸಿ ನೋಡಿತು. ಡಾರ್ಲಾ ಕೊನೆಯವರೆಗೆ ಎಣಿಸಿದಳು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಟ್ಯಾಗಿನ ಮೇಲೆ ಅಡ್ಡಗೆರೆ ಎಳೆದಳು.

"ನಾನೇನೂ ಹೇಳ್ತಿಲ್ಲ ಸ್ಕೋಗೆನ್ ಅವರೇ. ಕಾಗದ ಹೇಳ್ತಿದೆ."

ಅವಳ ಗಂಡ ದಿಮ್ಮಿ ಲಾರಿ ಓಡಿಸುತ್ತಾನೆಂಬುದು ನನಗೆ ಆಗ ನೆನಪಾಯಿತು.

ಅವಳು ಹೋದ ಮೇಲೆ ಮೇಕೆ ಬಂಡೆಯಿಂದ ನಿಧಾನಕ್ಕೆ ಇಳಿದು ನಮ್ಮ ಕಡೆಗೇ ಬಂತು. ಬಿಳಿ ಮೇಕೆಗೆ ಉಪ್ಪೆಂದರೆ ಪ್ರಾಣ. ಬೆಳಗ್ಗೆ ಭಾವ ಉಚ್ಚೆ ಹೊಯ್ದಿದ್ದ ಕಲ್ಲು ನಮ್ಮಿಂದ ಇಪ್ಪತ್ತಡಿ ದೂರದಲ್ಲಿತ್ತು. ಅದು ಆ ಕಲ್ಲನ್ನು ಕಾಲು ಗಂಟೆ ನೆಕ್ಕಿತು, ನಡುನಡುವೆ ತಲೆಯೆತ್ತಿ ಭಾವನನ್ನು ನೋಡಿತು. ಭಾವ ಐದು ಪೌಂಡಿನ ರೈಫಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕರವಸ್ತ್ರ ಹನ್ನೊಂದು ಗ್ರಾಮೆಂದು ಮನೆಯಲ್ಲೇ ಬಿಟ್ಟಿದ್ದರು. ನನಗೆ ಪಾಪ ಅನ್ನಿಸಿತು. ನನ್ನದನ್ನು ಕೊಟ್ಟೆ.

ಇಳಿಯುವಾಗ ಅವರು ಕೇಳದೆಯೇ ನನ್ನ ಚೀಲದಿಂದ ಟೆಂಟನ್ನೂ ಒಲೆಯನ್ನೂ ತೆಗೆದು ತಮ್ಮದಕ್ಕೆ ಹಾಕಿಕೊಂಡರು.

"ಆ ಹಳೇ ರೈಫಲೂ ಕೊಡು, ಹೊರ್ತೀನಿ."

"ಬೇಡ ಭಾವ" ಎಂದೆ. ಪಾಪ ಅನ್ನಿಸಿದ್ದು ನಿಜ, ಆದರೆ ಅಷ್ಟೊಂದಲ್ಲ.

ಡಾರ್ಲಾ ನಮಗಿಂತ ಮೊದಲೇ ಊರು ತಲುಪಿದ್ದಳು. ಬದುಕಿದ್ದಾನೆಂಬ ಕಾರಣಕ್ಕೆ ಲೋನ್ ಲಾರ್ಚಿನವರು ಇದುವರೆಗೆ ಯಾರನ್ನೂ ಇಷ್ಟು ಬೈದಿರಲಿಲ್ಲ. ಓಪಲ್ ಬಾಗಿಲಲ್ಲಿ ನಿಂತು ಟ್ರೇಗಳನ್ನು ಎಣಿಸಿಕೊಂಡಳು.

"ನನ್ನ ಎರಡು ಪೌಂಡು ಚೀಸು ಹೋಯ್ತಲ್ಲ ಲೋರ್ನಾ! ಕಾಯಿಲೆ ಇಲ್ಲ ಅಂತ ಒಂದು ಮಾತು ಹೇಳೋಕಾಗಿರ್ಲಿಲ್ವಾ?"

"ಇದೆ ಅಂತ ನಾನ್ಯಾವಾಗ ಹೇಳಿದೆ?"

"ಹೇಳ್ದೆ ಇದ್ರೆ ಇದೆ ಅಂತ ತಾನೇ ಅರ್ಥ!"

ಹಾರ್ಲನ್ ಟೆರ್ವೊ ಮೀನಿನ ಕ್ಷಮಾಪಣೆಯನ್ನು ವಾಪಸು ತೆಗೆದುಕೊಂಡಿದ್ದೇನೆಂದು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿದ. ನಾನೇ ಅದನ್ನು ತಲುಪಿಸಿದೆ.

ಬೆಟ್ಟದಿಂದ ಇಳಿದ ರಾತ್ರಿ ಊಟಕ್ಕೆ ಕೂತಾಗ ನಾನು ಅಕ್ಕನಿಗೆ ಸಿಟ್ಟಿನಿಂದಲೇ ಹೇಳಿದೆ, ಬರೀ ಜಂಬ ಕಣೇ, ಹೂಂ ಅಂದಿದ್ರೆ ಆ ಮೊಳೆ ಮೇಲೆ ಮೇಕೆ ಇರ್ತಿತ್ತು ಎಂದು. ಅಕ್ಕ ಗಂಡನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಿದ್ದಳು.

"ಜಂಬಾನೇ ಇರಬಹುದು. ಆದ್ರೆ ಇವನು ತೂಕದ ವಿಷಯದಲ್ಲಿ ಸುಳ್ಳು ಹೇಳಿದ್ದಿದ್ರೆ ನಾನು ಮನೆ ಒಳಗೆ ಸೇರಿಸ್ತಿರಲಿಲ್ಲ."

ಭಾವ ಎರಡನೆಯ ಸಲವೂ ಆಲೂಗಡ್ಡೆ ಬಡಿಸಿಕೊಂಡರು.

ಸೋಮವಾರ ಊಟದ ಡಬ್ಬಿ ಹಿಡಿದು ವೇಬ್ರಿಡ್ಜಿಗೆ ಹೋದಾಗ ಮೊದಲ ಲಾರಿ ತಕ್ಕಡಿ ಹತ್ತುತ್ತಿತ್ತು. ಅದರ ಕನ್ನಡಿಯಿಂದ ದಾರದಲ್ಲಿ ಒಂದು ಉಗುರು ಕತ್ತರಿ ನೇತಾಡುತ್ತಿತ್ತು. ಎರಡನೆಯ ಲಾರಿಯಲ್ಲೂ ಇತ್ತು. ಮೂರನೆಯದರಲ್ಲೂ. ಊರಿನ ಔಷಧಿ ಅಂಗಡಿಯಲ್ಲಿ ಉಗುರು ಕತ್ತರಿ ಖಾಲಿಯಾಗಿದೆ ಎಂದು ಯಾರೋ ಹೇಳಿದ್ದು ಆಗ ಅರ್ಥವಾಯಿತು. ಭಾವ ನೋಡಿದರು, ನೋಡದವರ ಹಾಗೆ ಬರೆದುಕೊಂಡರು. ಅವರ ಕಿವಿ ಕೆಂಪಗಾಗಿತ್ತು.

ನಾಲ್ಕನೆಯದು ಹಾರ್ಲನ್‌ನದು. ಅವನು ತೋಟದ ಗಿಡ ಕತ್ತರಿಸುವ ಎರಡಡಿ ಕತ್ತರಿಯನ್ನೇ ಕಟ್ಟಿಕೊಂಡು ಬಂದಿದ್ದ. ಮಿಷನ್ನು ನೂರಿಪ್ಪತ್ತು ಪೌಂಡು ಹೆಚ್ಚು ತೋರಿಸಿತು. ಹಿಂದೆ ನಿಂತ ಲಾರಿಗಳಿಂದ ಡ್ರೈವರುಗಳೆಲ್ಲ ತಲೆ ಹೊರಗೆ ಹಾಕಿದರು. ಹಾರ್ಲನ್ ಕಿಟಕಿಯ ಮೇಲೆ ಮೊಣಕೈ ಊರಿ, ಎಲ್ಲರಿಗೂ ಕೇಳುವಂತೆ ಕೂಗಿದ.

"ಇಲಿ ಕಡಿದಿದೆ ಅಂತ ಬರ್ಕೊ ಆರ್ವಿಡ್! ಬಿಟ್ಬಿಡು!"

ನಗು ಹೆದ್ದಾರಿಯುದ್ದಕ್ಕೂ ಹರಿದು ನಿಂತಿತು. ಭಾವ ಎದ್ದು ನಿಂತರು. ಗಲ್ಲದ ಮೇಲೆ ಹೊಸ ಗಡ್ಡದ ಮುಳ್ಳು ಮೂಡಿತ್ತು. ಅವರು ಚೀಟಿ ಪುಸ್ತಕ ತೆಗೆದರು, ಪೆನ್ನಿನ ಮುಚ್ಚಳ ಕಳಚಿದರು.

"ಹೂಂ ಅಂದಿದ್ರೆ ನನ್ನ ಮೇಕೆ ಸಿಗ್ತಿತ್ತು ಹಾರ್ಲನ್. ಅಲ್ಲಿ ನನ್ನನ್ನೇ ನಾನು ಬಿಡ್ಲಿಲ್ಲ, ನಿನ್ನ ಬಿಡ್ತೀನಾ?" ಎಂದು ಚೀಟಿ ಹರಿದು ಅವನ ಕೈಗೆ ಕೊಟ್ಟು, ಮುಂದಿನ ಲಾರಿಗೆ ಕೈ ಬೀಸಿದರು.